ಚರ್ಚಿನ ನಾಲ್ಕು ಮೆಟ್ಟಿಲು

ತಪ್ಪೆಲ್ಲ ಭಾನುವಾರ ಚರ್ಚಿನಲ್ಲಿ ಆದ ಪ್ರಸಂಗದ್ದು. "ಸರಕಾರ ದೇವರ ಸೇವಕ. ನ್ಯಾಯ ಕಾಯೋದು ಅದರ ಕೆಲಸ. ಅದಕ್ಕೆ ನಮ್ಮವರು ನಿಮ್ಮವರು ಅಂತ ಇರಬಾರದು" ಎಂದು ಪಾದ್ರಿಗಳು ಹೇಳಿದಾಗ ಪುರಸಭೆಯ ರಸ್ತೆ ಇನ್ಸ್‌ಪೆಕ್ಟರು ಮುಂದಿನ ಬೆಂಚಿನಲ್ಲಿ ಬಲೂನಿನಂತೆ ಉಬ್ಬಿ ಕೂತಿದ್ದರು. ಬರೀ ಅಳತೆಯ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿದ್ದ ಮನುಷ್ಯನಿಗೆ ತಾನು ದೇವರ ಸೇವಕನೆಂದು ಗೊತ್ತಾದರೆ ಇನ್ನೇನಾಗುತ್ತದೆ?

ಸೋಮವಾರ ಬೆಳಿಗ್ಗೆ ಟೇಪು, ಕೆಂಪು ಬಣ್ಣದ ಡಬ್ಬಿ ಹಿಡಿದು ಬೀದಿಗಿಳಿದರು. ರಸ್ತೆಗೆ ಚಾಚಿಕೊಂಡದ್ದಕ್ಕೆಲ್ಲ ಕೆಂಪು ಗೆರೆ. ಬೇಕರಿಯ ಕಟ್ಟೆಗೆ ಬಿತ್ತು, ಕ್ಷೌರದಂಗಡಿಯ ತಗಡಿಗೆ ಬಿತ್ತು. ಬೀದಿಯ ಕೊನೆಯಲ್ಲಿ ಟೇಪು ಅವರದೇ ಚರ್ಚಿನ ಮುಂದೆ ಬಂದು ನಿಂತಿತು. ನಾಲ್ಕು ಮೆಟ್ಟಿಲೂ ರಸ್ತೆಯ ಮೇಲೆ ಕಾಲು ಚಾಚಿ ಮಲಗಿದ್ದವು.

ಇನ್ಸ್‌ಪೆಕ್ಟರು ಮೆಲ್ಲಗೆ ಡಬ್ಬಿಯ ಮುಚ್ಚಳ ಹಾಕಿದರು.

"ಏನ್ ಸಾರ್, ಬಣ್ಣ ಮುಗೀತಾ?" ಹಿಂದಿನಿಂದ ಬೇಕರಿಯವನು. ಅವನೂ ಅದೇ ಚರ್ಚಿನವನು. "ನಮ್ಮ ಕಟ್ಟೆ ಹತ್ರ ಬಕೆಟ್‌ಗಟ್ಟಲೆ ಇತ್ತಲ್ಲ!"

ಅಷ್ಟರಲ್ಲಿ ಮುಖ್ಯಾಧಿಕಾರಿಯ ಫೋನು. "ರಸ್ತೆ ಮೇಲಿರೋದೆಲ್ಲ ಸಂಜೆಯೊಳಗೆ ಹೋಗಿರ್ಬೇಕು. ಒಂದು ಬಿಟ್ರೂ ರಸ್ತೆ ವಿಭಾಗದ ಕುರ್ಚಿ ನಿಮ್ಮದಲ್ಲ."

ಆ ಕುರ್ಚಿಗಾಗಿ ಅವರು ಅರ್ಧ ಆಯುಷ್ಯ ನಿಂತೇ ಕೆಲಸ ಮಾಡಿದ್ದರು. ಮುಚ್ಚಳ ತೆಗೆದರು.

ಮಧ್ಯಾಹ್ನ ಪಿಕಾಸಿಯವರು ಬರುವ ಹೊತ್ತಿಗೆ ಕೆಳಗಿನ ಮೆಟ್ಟಿಲಿನ ಮೇಲೆ ಇನ್ಸ್‌ಪೆಕ್ಟರ ಅತ್ತೆ ಕೊಡೆ ಬಿಚ್ಚಿ ಕೂತಿದ್ದರು.

"ಅಳಿಯಂದ್ರೇ, ಇದೇ ಮೆಟ್ಟಿಲು ಹತ್ತಿ ನನ್ನ ಮಗಳನ್ನ ಮದುವೆಯಾದ್ರಿ."

"ಅತ್ತೆ, ಸ್ವಲ್ಪ ಎದ್ದೇಳಿ."

"ದೇವರು ಸರಕಾರದ ಕೈಗೆ ಕೋಲು ಕೊಟ್ಟಿರೋದು ಕೆಟ್ಟವರನ್ನ ಹೊಡೆಯೋಕೆ. ಈ ಮೆಟ್ಟಿಲು ಯಾರ ಜೇಬಿಗೆ ಕೈ ಹಾಕ್ತು?"

"ಅದೇ ಮತ್ತೆ! ದೇವರ ಜಾಗಕ್ಕೆ ಪುರಸಭೆ ಕಾಲಿಡಬಾರದು!" ಎಂದ ಕ್ಷೌರಿಕ.

"ದೇವರ ಜಾಗ ಮಾತ್ರ ಪುರಸಭೆ ರಸ್ತೆಗೆ ಕಾಲಿಡಬಹುದಾ?" ಬೇಕರಿಯವನು ಸಿಡಿದ. "ನನ್ನ ಕಟ್ಟೆ ಹೋಯ್ತು, ಇದೂ ಹೋಗ್ಲಿ!"

ವಾದ ಕುಕ್ಕರಿನಂತೆ ಕೂಗತೊಡಗಿತು. ಪಿಕಾಸಿಯವರು ಅತ್ತೆಯ ಪಕ್ಕದಲ್ಲೇ ಕೂತು ಟೀ ಕುಡಿದರು.

ಪಾದ್ರಿಗಳು ಹೊರಗೆ ಬಂದರು. ಕೆಂಪು ಗೆರೆ ನೋಡಿದರು. ನಿಲುವಂಗಿಯ ತೋಳು ಮಡಚಿ ಒಂದು ಪಿಕಾಸಿ ಕಿತ್ತುಕೊಂಡರು.

"ನಿನ್ನೆ ಹೇಳಿದ್ದು ನಾನೇ. ನ್ಯಾಯ ನಮ್ಮ ಬಾಗಿಲಿಗೆ ಬಂತು ಅಂತ ಇವತ್ತು ಬೇರೆ ಪ್ರಸಂಗ ಹುಡುಕ್ಲಾ? ಪಕ್ಕಕ್ಕೆ ಸರೀರಿ ಅಮ್ಮ!"

ಮೊದಲ ಏಟಿಗೆ ಪಿಕಾಸಿಯ ತಲೆ ಕಳಚಿ ಹಾರಿ ಬೇಕರಿಯ ಬನ್ನಿನ ತಟ್ಟೆಯಲ್ಲಿ ಕೂತಿತು. ಎರಡನೆಯ ಏಟಿಗೆ ಬೀದಿಗೆ ಬೀದಿಯೇ ಕೈ ಹಾಕಿತು. ಅತ್ತೆ ಸೋಲಲಿಲ್ಲ. ಒಂದು ಮೆಟ್ಟಿಲು ಒಡೆದಾಗ ಮೇಲಿನದಕ್ಕೆ ಸರಿದರು, ಅದನ್ನು ಒಡೆದಾಗ ಅದರ ಮೇಲಿನದಕ್ಕೆ. ಕೊನೆಗೆ ಮೆಟ್ಟಿಲೆಲ್ಲ ಪುಡಿಯಾಗಿ, ಅವರೊಬ್ಬರೇ ಎತ್ತರದ ಹೊಸ್ತಿಲಲ್ಲಿ ಕೊಡೆಯೊಂದಿಗೆ ಉಳಿದರು. ಇಳಿಯಲು ದಾರಿಯಿಲ್ಲ.

"ಒಡೆದವರೇ ಕಟ್ಟಿಸ್ಲಿ!" ಎಂದು ಅಲ್ಲಿಂದಲೇ ಘೋಷಿಸಿದರು. "ನಮ್ಮ ಅಳಿಯಂದ್ರನ್ನೇ ಚರ್ಚಿನ ಸಭಾ ಹಿರಿಯರಾಗಿ ಮಾಡಿ. ಕಟ್ಟಡದ ಹೊಣೆಯೂ ಅವರದೇ!"

"ಇಂಥ ನ್ಯಾಯವಂತ ಇನ್ನೆಲ್ಲಿ ಸಿಗ್ತಾನೆ?" ಎಂದರು ಪಾದ್ರಿಗಳು. ಧೂಳು ಮೆತ್ತಿದ ಕೈಗಳೆಲ್ಲ ಮೇಲೆದ್ದವು. ಇನ್ಸ್‌ಪೆಕ್ಟರು ಬೇಡವೆನ್ನುವ ಮೊದಲೇ ಹಿರಿಯರಾಗಿದ್ದರು.

ಆಗ ಮುಖ್ಯಾಧಿಕಾರಿಯ ಜೀಪು ಬಂತು. "ಶಭಾಷ್! ಸ್ವಂತ ಚರ್ಚನ್ನೂ ಬಿಡಲಿಲ್ವಲ್ರೀ! ಕುರ್ಚಿ ನಿಮ್ಮದೇ" ಎಂದು ಬೆನ್ನು ತಟ್ಟಿದರು. ಇನ್ಸ್‌ಪೆಕ್ಟರಿಗೆ ಹೋದ ಜೀವ ಬಂದಂತಾಯಿತು.

"ಹೊಸ ಮೆಟ್ಟಿಲಿಗೆ ಅನುಮತಿ ಕೇಳೋಕೂ ಇವರೇ ಬರ್ತಾರೆ ಸಾರ್" ಎಂದ ಬೇಕರಿಯವನು, ಹೆಮ್ಮೆಯಿಂದ. "ಈಗ ನಮ್ಮ ಹಿರಿಯರು."

ತಟ್ಟುತ್ತಿದ್ದ ಕೈ ಬೆನ್ನ ಮೇಲೇ ನಿಂತಿತು. "ಕೇಳೋರೂ ಇವರೇ, ರಸ್ತೆ ವಿಭಾಗದಲ್ಲಿ ಕೂತು ಕೊಡೋರೂ ಇವರೇನಾ?"

"ಖಂಡಿತ ಕೂಡದು!" ಎಂದರು ಪಾದ್ರಿಗಳು ಉತ್ಸಾಹದಿಂದ. "ಚರ್ಚು ಬೇರೆ, ಸರಕಾರ ಬೇರೆ. ಎರಡೂ ಒಂದೇ ಕುರ್ಚಿಯಲ್ಲಿ ಕೂತ್ರೆ ಎರಡೂ ಕೆಡ್ತವೆ."

"ಹಾಗಾದ್ರೆ ಹಿರಿಯತನ ನಾನು ಬಿ..."

"ಬಿಡ್ತೀರಾ?" ಮೇಲಿನಿಂದ ಅತ್ತೆಯ ದನಿ.

"ಬಿಡಲ್ಲ ಅತ್ತೆ."

"ಸರಿ, ನಾಳೆಯಿಂದ ಬೀದಿನಾಯಿ ವಿಭಾಗಕ್ಕೆ ಹೋಗಿ" ಎಂದು ಮುಖ್ಯಾಧಿಕಾರಿ ಜೀಪು ಹತ್ತಿದರು. "ಅಲ್ಲಿ ನಿಮ್ಮ ಚರ್ಚಿನವರು ಯಾರೂ ಇಲ್ಲ ತಾನೆ?"