ಇಂಚರಳ ಕನ್ನಡಕಕ್ಕೆ ಕಂಡ ಅರುಂಧತಿ

“ಚೆನ್ನಾಗಿರೋ ಕಣ್ಣಲ್ಲೇ ಕಣಮ್ಮ ದೋಷ ಇರೋದು!” ಎಂದು ತ್ರ್ಯಂಬಕ ಚಿಕ್ಕಪ್ಪ ಘೋಷಿಸಿದಾಗ ನನ್ನ ತಂಗಿ ಇಂಚರ ಅರ್ಧ ಜಡೆ ಹೆಣೆಸಿಕೊಂಡು ಕೂತಿದ್ದಳು. ಮುಹೂರ್ತಕ್ಕೆ ಇನ್ನೊಂದೇ ಗಂಟೆ! ಕಾಲೇಜಿನ ಪ್ರಯೋಗಾಲಯದಿಂದ ನಿವೃತ್ತರಾದ ಈ ಮಹಾನುಭಾವರು ತಿಪಟೂರಿನ ಕಲ್ಯಾಣಮಂಟಪದ ವಧುವಿನ ಕೋಣೆಗೆ ಹೊಲಿಗೆ ಮೆಷಿನ್ನಿನಷ್ಟು ದೊಡ್ಡ ಯಂತ್ರ ಹೊತ್ತು ತಂದಿದ್ದರು.

“ಡಾಕ್ಟರು ಇವಳ ಕಣ್ಣಿಗೆ ನೂರಕ್ಕೆ ನೂರು ಕೊಟ್ಟಿದ್ದಾರೆ,” ಎಂದೆ ನಾನು.

“ಕೊಡ್ಲಿ! ದೂರದ ಬೀದಿದೀಪದ ಸುತ್ತ ಮುಳ್ಳು ಮುಳ್ಳು ಕಾಣಲ್ವಾ? ಆ ಮುಳ್ಳು ದೀಪದ್ದಲ್ಲ, ನಿನ್ನ ಕಣ್ಣಿಂದು! ಎಂಥ ಗಟ್ಟಿ ಕಣ್ಣಲ್ಲೂ ಬೆಳಕು ಚೂರು ಅಲ್ಲಿ, ಚೂರು ಇಲ್ಲಿ ಚೆಲ್ಲುತ್ತೆ. ಒಬ್ಬೊಬ್ಬರದು ಒಂದೊಂದು ನಮೂನೆ. ಈ ಯಂತ್ರ ಅದನ್ನ ಅಳೆದು, ಅದಕ್ಕೆ ಸರಿಯಾಗಿ ಉಲ್ಟಾ ಗಾಜು ಕಡೆದು ಕೊಡುತ್ತೆ!”

ಯಂತ್ರ ಗುರ್ರೆಂದು ಒಂದು ಕನ್ನಡಕ ಉದುರಿಸಿತು. ಹಾಕಿಕೊಂಡವಳೇ ಇಂಚರ ಚೀರಿದಳು. “ಅಕ್ಕಾ! ನಿನ್ನ ಮುಖದ ಪೌಡರ್ ಬಿರುಕು ಬಿಟ್ಟಿದೆ!” ಅಪ್ಪನ ಕರಿಮೀಸೆಯಲ್ಲಿ ಹದಿನಾಲ್ಕು ಬಿಳಿಕೂದಲು ಎಣಿಸಿದಳು. ತೆಗೆಯೇ ಎಂದರೆ ಕೇಳಲಿಲ್ಲ. ಹಾಕಿಕೊಂಡೇ ಹಸೆಮಣೆಗೆ ನಡೆದಳು.

ಧಾರೆ, ತಾಳಿ, ಸಪ್ತಪದಿ ಮುಗಿದು ಹನ್ನೊಂದಕ್ಕೆ ಅರುಂಧತಿ ದರ್ಶನ. ಹಾಡಹಗಲಲ್ಲೇ ಪುರೋಹಿತರು ಆಕಾಶಕ್ಕೆ ಕೈ ತೋರಿಸುತ್ತಾರೆ, ನಕ್ಷತ್ರ ಕಾಣ್ತು ಎಂದು ನಾವು ಹೇಳುತ್ತೇವೆ, ಎಲ್ಲರೂ ಊಟಕ್ಕೆ ಹೋಗುತ್ತೇವೆ. ಇದುವರೆಗೆ ಯಾರಿಗೂ ತೊಂದರೆ ಆಗಿಲ್ಲ.

ಪುರೋಹಿತ ಸುಬ್ರಾಯ ಜೋಯಿಸರು ಅಂಗಳದಲ್ಲಿ ನಿಂತು ಪೂರ್ವಕ್ಕೆ ಕೈ ಚಾಚಿದರು. “ಕಾಣ್ತೇನಪ್ಪ?”

“ಕಾಣ್ತು, ಕಾಣ್ತು!” ಎಂದ ಮದುಮಗ ಶ್ರೀವತ್ಸ.

“ಇಲ್ಲ,” ಎಂದಳು ಇಂಚರ.

ಓಲಗ ನಿಂತೇಹೋಯಿತು!

“ಹೂಂ ಅನ್ನೇ!” ನಾನು ಚಿವುಟಿದೆ.

“ಅಲ್ಲಿರೋದು ನೀರಿನ ಟ್ಯಾಂಕು. ರೀ, ನಿಮಗೆ ಹೇಗೆ ಕಾಣ್ತು?” ಎಂದು ಶ್ರೀವತ್ಸನನ್ನು ಕೇಳಿ, ಇಂಚರ ತಾನೇ ಕೈ ತೋರಿಸಿದಳು. “ಅರುಂಧತಿ ಇರೋದು ಉತ್ತರಕ್ಕೆ. ನೋಡಿ, ಅಡುಗೆಮನೆ ಮೇಲೆ, ವಸಿಷ್ಠರ ಪಕ್ಕ!”

ಜೋಯಿಸರ ಕೈ ಪೂರ್ವದಲ್ಲೇ ಉಳಿಯಿತು. ಗಂಡಿನ ತಾಯಿ ಕಾತ್ಯಾಯನಮ್ಮ ಬಿಳಿಚಿಕೊಂಡರು. “ನಮ್ಮ ಮದುವೇಲೂ ಇದೇ ಮಂಟಪ, ಇದೇ ಜೋಯಿಸರು! ಮೂವತ್ತು ವರ್ಷ ನಾನು ಟ್ಯಾಂಕು ನೋಡಿ ಸಂಸಾರ ಮಾಡಿದ್ನಾ? ಕೊಡೇ ಆ ಕನ್ನಡಕ! ನನಗೂ ಕಾಣದಿದ್ರೆ ನೀನು ನಮ್ಮನೆ ಹೊಸಿಲು ತುಳಿಯೋ ಹಾಗಿಲ್ಲ!”

“ಬೇಡ ತಾಯಿ!” ಚಿಕ್ಕಪ್ಪ ಅಡ್ಡ ಬಂದರು. “ಅದು ಅವಳ ಕಣ್ಣಿನ ದೋಷಕ್ಕೆ ಕಡೆದದ್ದು. ನಿಮ್ಮ ದೋಷವೇ ಬೇರೆ!”

“ನನ್ನಲ್ಲಿ ದೋಷವಾ?!”

ಆಕೆ ಕಿತ್ತುಕೊಂಡು ಹಾಕಿಕೊಂಡೇಬಿಟ್ಟರು. ಅಪ್ಪ ಕಂಬ ಹಿಡಿದುಕೊಂಡರು. ಕಟ್ಟಿದ ತಾಳಿಯ ಗತಿ ಏನೆಂದು ನಾನು ಮನೆದೇವರಿಗೆ ಹರಕೆ ಹೊತ್ತೆ.

“ಒಂದು... ನಾಲ್ಕು... ಹನ್ನೊಂದು! ಅಯ್ಯೋ ದೇವರೇ, ಹನ್ನೊಂದು ಅರುಂಧತಿ!” ಕಾತ್ಯಾಯನಮ್ಮ ಕೈಮುಗಿದು ಗಳಗಳನೆ ಅತ್ತರು. “ಇಂಥ ಸೊಸೆ ಯಾರಿಗೆ ಸಿಗ್ತಾಳೆ!”

ಆಕೆಯ ಕಣ್ಣಿನ ದೋಷವೂ ಇಂಚರಳ ಗಾಜೂ ಸೇರಿ ಒಂದನ್ನು ಹನ್ನೊಂದಾಗಿ ಒಡೆದಿದ್ದವು. ಚಿಕ್ಕಪ್ಪ ಇದನ್ನು ವಿವರಿಸಲು ಬಾಯಿ ತೆರೆದರು. ಅಪ್ಪ ಅದಕ್ಕೊಂದು ಇಡೀ ಲಾಡು ತುರುಕಿದರು.

ಆಮೇಲೆ ನಡೆದದ್ದನ್ನು ಹೇಳಿದರೆ ನಂಬುವುದಿಲ್ಲ! ಜೋಯಿಸರು ಮದುವೆ ಮಾಡಿಸಿದ್ದ ದಂಪತಿಗಳೆಲ್ಲ ಆ ಕನ್ನಡಕಕ್ಕಾಗಿ ಅಡುಗೆಮನೆಯ ಹಿತ್ತಲಲ್ಲಿ ಸಾಲುಗಟ್ಟಿದರು. ಒಬ್ಬರಿಗೆ ಏಳು, ಒಬ್ಬರಿಗೆ ಹತ್ತೊಂಬತ್ತು. ಏಳು ಕಂಡವರು ಹತ್ತೊಂಬತ್ತು ಕಂಡವರ ಜೊತೆ ಜಗಳಕ್ಕೇ ನಿಂತರು. ಕೊನೆಗೆ ಜೋಯಿಸರೂ ಹೆಂಡತಿಯ ಕೈ ಹಿಡಿದು ಸಾಲಿಗೆ ಸೇರಿದರು.

ನಾನೂ ನಮ್ಮ ಯಜಮಾನರನ್ನು ಎಳೆದು ತರಲು ಓಡಿದೆ. ಖಾಲಿ ಊಟದ ಹಾಲಿನಲ್ಲಿ ಅವರೊಬ್ಬರೇ ಎಲೆ ಮುಂದೆ ಕೂತಿದ್ದರು.

“ಹದಿನಾರು ವರ್ಷ ಒಂದೂ ಕಾಣದೆ ಚೆನ್ನಾಗೇ ಇದ್ದೀವಲ್ಲೇ,” ಎಂದರು ತಲೆ ಎತ್ತದೆ. “ಅವರೆಲ್ಲ ಎಣಿಸಿ ಮುಗಿಸೋದ್ರೊಳಗೆ ಬಾ, ಹೋಳಿಗೆ ಬಿಸಿ ಇದೆ.”