ಐದನೇ ಎಮ್ಮೆ

ಗಣಿತದ ಮಾಸ್ತರನಾದ ನನಗೊಂದು ಕೆಟ್ಟ ಚಾಳಿಯಿದೆ. ಯಾರೂ ಕೇಳದಿದ್ದರೂ ಲೆಕ್ಕ ಬಿಡಿಸಿ ತೋರಿಸುತ್ತೇನೆ. ಮದುವೆಯ ಪಂಕ್ತಿಯಲ್ಲಿ ತಲೆಗೆಷ್ಟು ಹೋಳಿಗೆ ಬರುತ್ತದೆಂದು ಭಾಗಿಸಿ ಹೇಳಿ, ಬಡಿಸುವವರ ಕೆಂಗಣ್ಣಿಗೆ ಗುರಿಯಾದವನು ನಾನು.

ಎಂಬತ್ತರ ದಶಕದಲ್ಲಿ ನಾವು ರಾಯಬಾಗದಲ್ಲಿದ್ದಾಗ ಈ ಚಾಳಿ ಎಮ್ಮೆಗಳವರೆಗೂ ಹೋಯಿತು. ಹತ್ತಿರದ ಐನಾಪುರದ ಕಡೆ ದನಗಳಿಗೆ ಗಂಟಲುಬೇನೆ ಬಿದ್ದಿತ್ತು. ಮುಂಜಾನೆ ಮೇವು ತಿಂದ ಎಮ್ಮೆ ಸಂಜೆಗೆ ಇರುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಐದು ಮನೆ, ಮನೆಗೊಂದು ಎಮ್ಮೆ. ನಮ್ಮದು ಆಗಷ್ಟೇ ಈದಿತ್ತು. ಅದು ಹೋದರೆ ಕರುವೂ ಹೋದಂತೆಯೇ. ನನ್ನ ಹೆಂಡತಿ ಶಾಂತವ್ವನಿಗೆ ಊಟ ಸೇರುತ್ತಿರಲಿಲ್ಲ. ಅಷ್ಟರಲ್ಲಿ ದನದ ಡಾಕ್ಟರು ಲಸಿಕೆ ಹಾಕಲು ಬರುತ್ತಾರೆ, ಅದು ನೂರಕ್ಕೆ ಎಂಬತ್ತರಷ್ಟು ಪರಿಣಾಮಕಾರಿ ಎಂಬ ಸುದ್ದಿ ಬಂತು. ನಾನು ಸುಮ್ಮನಿರಬಾರದಿತ್ತೇ? ಕಟ್ಟೆಯ ಮೇಲೆ ಕೂತಿದ್ದ ಹೆಂಗಸರಿಗೆ, “ಅಂದ್ರ ಚುಚ್ಚಿದ ನೂರರಾಗ ಇಪ್ಪತ್ತು ಹೋಗ್ತಾವ. ಐದರಾಗ ಒಂದು ಗ್ಯಾರಂಟಿ,” ಎಂದುಬಿಟ್ಟೆ.

ಮರುದಿನ ಡಾಕ್ಟರು ಬಂದಾಗ ಬೇವಿನ ಮರದಡಿ ನೂಕುನುಗ್ಗಲು. ಐದನೆಯವರಾಗಲು ಯಾರೂ ತಯಾರಿರಲಿಲ್ಲ. ನಾಲ್ಕು ಎಮ್ಮೆಗಳಿಗೆ ಸೂಜಿಯಾಗಿ ನಮ್ಮದೊಂದು ಉಳಿಯಿತು. ಶಾಂತವ್ವ ಹಗ್ಗ ಬಿಡಲೊಲ್ಲಳು.

“ನಾಕೂ ನೆಟ್ಟಗ ಅದಾವ್ರಿ. ಇನ್ನ ಹೋಗೂದು ನಮ್ಮದ! ಬ್ಯಾಡ್ರಿ ಸಾಹೇಬ್ರ.”

“ಯಾರವ್ವಾ ಈ ಲೆಕ್ಕಾ ಹೇಳಿದವರು?” ಎಂದರು ಡಾಕ್ಟರು. ಇಡೀ ಓಣಿ ನನ್ನತ್ತ ಬೆರಳು ಮಾಡಿತು.

ಡಾಕ್ಟರು ಹಣೆ ಒರೆಸಿಕೊಂಡರು. “ಮಾಸ್ತರ್ರ, ಸೂಜಿ ಹಾಕದ ದನದಾಗ ನೂರು ಬ್ಯಾನಿ ಬೀಳ್ತಿದ್ವು ಅಂತ ತಿಳೀರಿ. ಅಷ್ಟ ದನಕ್ಕ ಸೂಜಿ ಹಾಕಿದ್ರ ಇಪ್ಪತ್ತ ಬೀಳ್ತಾವು. ಎಂಬತ್ತು ಉಳದ್ವಲ್ಲ, ಅದ ಆ ಎಂಬತ್ತು! ಹಾಕಿಸಿಕೊಂಡದ್ರಾಗ ಇಪ್ಪತ್ತು ಸಾಯಬೇಕಂತ ಎಲ್ಲೈತಿ? ಮೊದಲನೇದು, ಐದನೇದು ಅಂತ ಬ್ಯಾನಿ ಎಣಸ್ತೈತೇನ್ರಿ?”

ಅಯ್ಯೋ, ಶೇಕಡಾ ಲೆಕ್ಕ ಕಲಿಸಿಯೇ ಸಂಬಳ ಎಣಿಸುವ ನಾನು, ಆ ನೂರು ಯಾವ ನೂರು ಎಂದೇ ಕೇಳಿರಲಿಲ್ಲ! ಸಿರಿಂಜು ಪೆಟ್ಟಿಗೆ ಸೇರುವುದರಲ್ಲಿತ್ತು. “ಶಾಂತಾ, ಹಗ್ಗಾ ಬಿಡ. ನನ್ನ ಲೆಕ್ಕಾ ತಪ್ಪೈತಿ,” ಎಂದು ಗೋಗರೆದೆ. ಮದುವೆಯಾದಂದಿನಿಂದ ಈ ಮಾತು ನನ್ನ ಬಾಯಲ್ಲಿ ಆಕೆ ಕೇಳಿದ್ದಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮುಖ ಅರಳಿತು.

“ಹಂಗಾರ ಐದರಾಗ ಕೆಟ್ಟದ್ದೊಂದು ಸಿಕ್ತಲ್ಲ! ನಮ್ಮ ಮನಿ ಪಾಲಿಗೆ ಇವರ ಸಾಕು. ಎಮ್ಮಿಗೆ ಚುಚ್ರಿ ಸಾಹೇಬ್ರ.”

ಆ ಸಲ ನಮ್ಮ ಓಣಿಯ ಒಂದು ಎಮ್ಮೆಗೂ ಬೇನೆ ತಟ್ಟಲಿಲ್ಲ. ಎಲ್ಲಾ ಲಸಿಕೆಯ ಪುಣ್ಯ ಎಂದು ನಾನು ಎಷ್ಟು ಹೇಳಿದರೂ ಹೆಂಗಸರು ಒಪ್ಪಲಿಲ್ಲ; ಐದರಲ್ಲಿ ಕೆಟ್ಟದ್ದು ನನ್ನ ಪಾಲಿಗೆ ಹೋದದ್ದರಿಂದಲೇ ಎಮ್ಮೆಗಳು ಉಳಿದವೆಂದರು. ಮುಂದಿನ ವರ್ಷ ಡಾಕ್ಟರು ಮತ್ತೆ ಬಂದಾಗ, ಸೂಜಿ ಹಾಕಿಸುವ ಮೊದಲು ಆ ಹೆಂಗಸರು ಶಾಂತವ್ವನನ್ನು ಕೇಳಿದ್ದು ಒಂದೇ: “ಮಾಸ್ತರ್ರು ಮನ್ಯಾಗ ಅದಾರೇನವ್ವಾ? ಅವ್ರನ್ನ ಹಿಡದ ಎಣಸ್ರಿ.”