ಫಾದರ್‌ಗೆ ಬಾರದ ಒಂದು ಮಾತು

ನಮ್ಮ ಫಾದರ್‌ಗೆ ಕನ್ನಡ ಬರುತ್ತೆ, ತಮಿಳು ಬರುತ್ತೆ, ಕೊಂಕಣಿ ಬರುತ್ತೆ, ಮೂಲೆ ಅಂಗಡಿ ಟೈಲರ್ ಸಾಬರ ಜೊತೆ ಉರ್ದುನಲ್ಲೂ ಒಂದು ಕೈ ನೋಡ್ತಾರೆ. "ಆಗಲ್ಲ" ಅನ್ನೋ ಒಂದು ಮಾತು ಮಾತ್ರ ಬರಲ್ಲ! ಪಾದ್ರಿ ಆಗೋಕೆ ಯಾವ ಸೆಮಿನರಿಯಲ್ಲಿ ಓದಿದ್ರೋ ಏನೋ, ಅದನ್ನ ಕಲಿಸೋದೇ ಮರೆತುಬಿಟ್ಟಿದ್ದಾರೆ. ಅದರ ಫಲ ಉಣ್ತಾ ಇರೋಳು ನಾನು, ಯಲಹಂಕದ ಈ ಚರ್ಚಿನಲ್ಲಿ ಫಾದರ್ ಮನೆ ಅಡುಗೆಯವಳು. ಒಬ್ಬರಿಗೆ ಅನ್ನ ಬೇಯಿಸೋ ಕೆಲಸ ಅಂತ ಹೇಳಿ ಸೇರಿಸಿಕೊಂಡ್ರು. ಒಬ್ಬರಿಗೆ! ನೆನೆಸಿಕೊಂಡ್ರೆ ಈಗಲೂ ನಗು ಬರುತ್ತೆ, ನಗೋಕೆ ಶಕ್ತಿ ಇಲ್ಲ ಅಷ್ಟೆ.

ಬೆಳಗಿನ ಪೂಜೆ ಮುಗಿಯೋ ಹೊತ್ತಿಗೆ ವರಾಂಡ ತುಂಬಿರುತ್ತೆ. ರೇಷನ್ ಕಾರ್ಡ್ ಕಳಕೊಂಡವರು, ಗಂಡನ ಮೇಲೆ ಮುನಿಸಿಕೊಂಡು ಬಂದವರು, ಮಗುಗೆ ಸ್ಕೂಲ್ ಸೀಟು ಬೇಕಾದವರು. ಇವರೆಲ್ಲ ಚರ್ಚಿನವರಾ ಅಂತೀರಾ? ಹಳೇ ಊರಿನ ಗೌಡ್ರು ಹಣೆ ತುಂಬ ವಿಭೂತಿ ಇಟ್ಟುಕೊಂಡು, ತಮ್ಮನ ಜೊತೆಗಿನ ಸೈಟಿನ ಜಗಳ ಹೊತ್ತು ತರ್ತಾರೆ.

"ಸೋಮಿ, ಕೋರ್ಟಿಗೆ ಓದ್ರೆ ನನ್ ಮೊಮ್ಮಗನ ಕಾಲಕ್ಕೆ ತೀರ್ಪು. ನೀವೇ ಒಂದ್ ಮಾತ್ ಏಳಿ."

ಫಾದರ್ ಒಳಗೆ ತಿರುಗಿ, "ಅಮ್ಮಾ, ಇನ್ನೆರಡು ತಟ್ಟೆ ಇಡಿ," ಅಂತಾರೆ. ಜಗಳ ತೀರುತ್ತೋ ಬಿಡುತ್ತೋ, ನನ್ನ ಮೀನು ಸಾರು ತೀರುತ್ತೆ.

ಹೀಗೆ ಓಡಾಡಿ ಓಡಾಡಿ ಅವರ ಮಂಡಿ ಎರಡೂ ಕೆಟ್ಟುಹೋಗಿವೆ. ಆಪರೇಷನ್ ಮಾಡಿಸದಿದ್ರೆ ನಡೆಯೋದೇ ನಿಂತುಹೋಗುತ್ತೆ ಅಂತ ಡಾಕ್ಟರ್ ಗದರಿಸಿ ಕಳಿಸಿದ್ದಾರೆ. ಇವರು "ಕ್ರಿಸ್ಮಸ್ ಆಗ್ಲಿ" ಅಂದ್ರು, ಆಮೇಲೆ "ಈಸ್ಟರ್ ಆಗ್ಲಿ" ಅಂದ್ರು. ನಾನು ಬಾಯಿ ಮಾಡಿದ್ರೆ, "ನನ್ನ ಮಂಡಿಗೇನಮ್ಮ, ಕಲ್ಲು ಇದ್ದ ಹಾಗಿದೆ!" ಹೌದು, ಮಡಚೋಕೆ ಬರಲ್ಲ, ಕಲ್ಲೇ.

ಮೊನ್ನೆ ಜಕ್ಕೂರಿನಲ್ಲಿ ಯಾರದೋ ಹೊಸ ಫ್ಲ್ಯಾಟಿಗೆ ಪ್ರಾರ್ಥನೆ ಮಾಡಿ, ನೀರು ಚಿಮುಕಿಸಿ ಮಂತ್ರಿಸೋದಿತ್ತು. ಚೀಲ ಹಿಡ್ಕೊಂಡು ನಾನೂ ಆಟೊ ಹತ್ತಿದೆ. ದಾರೀಲಿ ಕಟ್ಟಡದ ಕೆಲಸದ ಹೆಂಗಸೊಬ್ಬಳು ಬಿಸಿಲಿಗೆ ತಲೆ ಸುತ್ತಿ ಕೂತುಬಿಟ್ಟಿದ್ದಳು. ಫಾದರ್ ಆಟೊ ನಿಲ್ಲಿಸಿ, ಚೀಲದಲ್ಲಿದ್ದ ಬಾಟಲಿ ತೆಗೆದು ಪೂರ್ತಿ ಕುಡಿಸಿಯೇಬಿಟ್ರು. ಮಂತ್ರಿಸಿದ ನೀರು ಕಣ್ರೀ! ಅವಳನ್ನ ಆಸ್ಪತ್ರೆ ಸೇರಿಸಿ ಫ್ಲ್ಯಾಟಿಗೆ ಹೋಗೋ ಹೊತ್ತಿಗೆ ಸಂಜೆ. ಕರೆಂಟಿಲ್ಲ, ಲಿಫ್ಟಿಲ್ಲ. ಕಂಬಿ ಹಿಡಿದು ಆರನೇ ಮಹಡಿ ಹತ್ತಿದ್ರು. ಅಲ್ಲೇ ನಲ್ಲಿಗೆ ಬಾಟಲಿ ಹಿಡಿದು ಪ್ರಾರ್ಥನೆ ಶುರು ಮಾಡಿದ್ರು.

ಮನೆಯೊಡತಿಗೆ ಸಂಕಟ. "ಫಾದರ್, ಅದು ಟ್ಯಾಂಕರ್ ನೀರು..."

"ಪಾಪ, ಹಾಗಾದ್ರೆ ಅದಕ್ಕೇ ಮೊದಲು ಆಶೀರ್ವಾದ ಬೇಕಮ್ಮ!"

ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ಗುರುವಾರ ಬಂತು. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ಆವತ್ತು ಫಾದರ್ ಹನ್ನೆರಡು ಜನರ ಕಾಲು ತೊಳೀತಾರೆ. ನಮ್ಮ ಜನವೋ, ತೊಳೆಸಿಕೊಳ್ಳೋಕೆ ಮುಂಚೆ ಮನೇಲಿ ಸೋಪು ಹಾಕಿ ತಿಕ್ಕಿ, ಮೇಲೆ ಪೌಡರ್ ಬೇರೆ ಹಾಕ್ಕೊಂಡು ಬರ್ತಾರೆ! ಹನ್ನೊಂದು ಜನ ಬಂದು ಕೂತ್ರು. ಹನ್ನೆರಡನೆಯವರು ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ರು. ಫಾದರ್ ಕಣ್ಣು ನನ್ನ ಮೇಲೆ ಬಿತ್ತು.

"ಬನ್ನಿ ಅಮ್ಮಾ, ನೀವಿದ್ದೀರಲ್ಲ."

ನನ್ನ ಕಾಲೋ, ಹಿಮ್ಮಡಿ ಬಿರಿದು, ಬೆರಳ ಸಂದಿಯಲ್ಲೆಲ್ಲ ಅಡುಗೆಮನೆ ಅರಿಶಿನ! ನಾಚಿಕೆಯಿಂದ ಮುದುಡಿಕೊಂಡು ಕೊನೆ ಕುರ್ಚಿಯಲ್ಲಿ ಕೂತೆ.

ಒಬ್ಬೊಬ್ಬರ ಮುಂದೂ ಮಂಡಿಯೂರಿ, ಕುರ್ಚಿ ಹಿಡಿದು ಏಳ್ತಾ ಬಂದ್ರು. ಸಲದಿಂದ ಸಲಕ್ಕೆ ಏಳೋದು ತಡವಾಗ್ತಿತ್ತು. ನನ್ನ ಕಾಲಿಗೆ ನೀರು ಹಾಕಿದ್ರು, ಒರೆಸಿದ್ರು, ಬಗ್ಗಿ ಮುತ್ತಿಟ್ರು. ಆಮೇಲೆ ಏಳಲಿಲ್ಲ. ಹಾಡು ಮುಗೀತು. ಪ್ರಾರ್ಥನೆ ಮಾಡ್ತಿದ್ದಾರೆ ಅಂದುಕೊಂಡು ಜನ ತಲೆ ಬಗ್ಗಿಸಿದ್ರು. ಫಾದರ್ ನನ್ನ ಕುರ್ಚಿ ಹಿಡಿದು ಏಳೋಕೆ ಎರಡು ಸಲ ನೋಡಿದ್ರು. ಬೆವತ ಮುಖ ಎತ್ತಿ, ನನಗಷ್ಟೇ ಕೇಳೋ ಹಾಗೆ ಅಂದ್ರು:

"ಆಗಲ್ಲಮ್ಮ."

ಈ ಮಾತು ಆ ಬಾಯಲ್ಲಿ ಒಂದ್ಸಲ ಬರಲಿ ಅಂತ ಮಾತೆ ಮರಿಯಮ್ಮನ ಮುಂದೆ ಎಷ್ಟು ಮೇಣದಬತ್ತಿ ಹಚ್ಚಿದ್ದೆ! ಈಗ ಬಂದಾಗ, ಬರದೇ ಇದ್ದಿದ್ರೇ ಚೆನ್ನಾಗಿತ್ತು ಅನ್ನಿಸ್ತು. ಬರಿಗಾಲಲ್ಲೇ ಎದ್ದು, ಎರಡೂ ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಎಷ್ಟು ಹಗುರ ಇದ್ರು! ಇಷ್ಟು ವರ್ಷ ನಾನು ಬೇಯಿಸಿದ್ದೆಲ್ಲ ಯಾರ ಹೊಟ್ಟೆಗೆ ಹೋಯ್ತೋ. ನನ್ನ ಕುರ್ಚಿಯಲ್ಲೇ ಕೂರಿಸಿದೆ.

"ಹಬ್ಬ ಮುಗಿದ ಮಾರನೇ ದಿನ ಆಸ್ಪತ್ರೆ. ತಿಳೀತಾ?" ಅಂದೆ.

ಹೂಂ ಅಂತ ತಲೆಯಾಡಿಸಿದ್ರು. ಆಮೇಲೆ, "ವರಾಂಡದ ಜನಕ್ಕೆ ಊಟ?" ಅಂದ್ರು.

"ನಾನಿದ್ದೀನಲ್ಲ ಫಾದರ್," ಅಂದುಬಿಟ್ಟೆ.